ಅಜ್ಜಿ ಕೇಳಿದ ಸಿನಿಮಾ

ಆಗೆಲ್ಲ ನಾಗಪುರದಲ್ಲಿ ಕನ್ನಡ ಸಿನಿಮಾ ನೋಡಬೇಕೆಂದರೆ ಅಲ್ಲಿನ ಕನ್ನಡ ಸಂಘದವರು ತೋರಿಸಬೇಕಿತ್ತು. ಫೋನಿನಲ್ಲಿ ಎಲ್ಲ ಸಿಗುವ ಕಾಲ ನಮ್ಮ ಮನೆಗಿನ್ನೂ ಬಂದಿರಲಿಲ್ಲ. ಸಂಘದ ಹಾಲ್‌ನ ಕಿಟಕಿಗಳಿಗೆ ಚಾದರ ಕಟ್ಟಿ ಭಾನುವಾರದ ಮಧ್ಯಾಹ್ನವನ್ನೇ ಕತ್ತಲೆ ಮಾಡುತ್ತಿದ್ದರು. ಒಳಗೆಲ್ಲ ಕಿತ್ತಳೆ ಸಿಪ್ಪೆಯ ವಾಸನೆ.

ಆ ಚಳಿಗಾಲಕ್ಕೆ ಗದಗದ ಕಡೆಯಿಂದ ಅಜ್ಜಿ ನಮ್ಮ ಮನೆಗೆ ಬಂದಳು. ಎರಡೂ ಕಣ್ಣಿಗೆ ಪೊರೆ. ಅವತ್ತಿನದು ಹಳೆಯ ಕಪ್ಪು-ಬಿಳುಪು ಚಿತ್ರ, ಮುದಿ ತಂದೆ ಮತ್ತು ಮಕ್ಕಳ ಕಥೆ. ಮಾತೇನೋ ಅಜ್ಜಿಗೆ ಕೇಳುತ್ತಿತ್ತು. ಮಾತಿಲ್ಲದ ಕಡೆ ಏನಾಯಿತೆಂದು ಹೇಳುವುದು ನನ್ನ ಕೆಲಸ. ಬೆಳಗಿನಿಂದಲೇ ನನಗೆ ಅದರ ಜಂಬ.

ಪರದೆಯ ಮೇಲೆ ಜಗಳವಾಗಿ ಎಲ್ಲ ಸುಮ್ಮನಾದರು.

"ಈಗೇನಾತವಾ?"

"ಮಗನಿಗೆ ರಾಗ ಬಂತು."

"ರಾಗಾ? ಅಪ್ಪಗ ಹಂಗ ಬೈದು ಈಗ ಹಾಡ್ತಾನೇನ ಬಾಡ್ಯಾ?"

ಸುತ್ತಲಿನವರೆಲ್ಲ ನಕ್ಕರು. ಮರಾಠಿಯಲ್ಲಿ ರಾಗವೆಂದರೆ ಸಿಟ್ಟು. ಶಾಲೆ, ಬೀದಿ ಎಲ್ಲ ಮರಾಠಿಯಾಗಿದ್ದ ನನಗೆ ಅದು ಕನ್ನಡವಲ್ಲವೆಂದೇ ಗೊತ್ತಿರಲಿಲ್ಲ. ಹಿಂದಿನ ಸಾಲಿನಿಂದ ಸಿಂಧು ಬಗ್ಗಿದಳು. ಏರ್‌ಫೋರ್ಸಿನವರ ಮಗಳು, ಮೈಸೂರಿನವಳು, ನನ್ನದೇ ವಯಸ್ಸು.

"ಸಿಟ್ಟು ಬಂದಿದೆ ಅಜ್ಜಿ. ಅಪ್ಪನ ಹಾಸಿಗೆ ಸುತ್ತಿ ಜಗಲಿಗೆ ಎಸೀತಿದಾನೆ. ಅಪ್ಪ ನೋಡ್ತಾ ನಿಂತಿದಾರೆ."

ಅಜ್ಜಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. "ಇಲ್ಲೆ ಬಾ ಕೂಸ, ಬರೋಬ್ಬರಿ ಹೇಳ್ತಿ ನೀ." ಆಮೇಲೆ ನನಗೆ, "ಜರಾ ಆ ಕಡೆ ಸರಿಯವಾ."

ಸರಿದೆ. ಅಜ್ಜಿ ನಾರು ಬಿಡಿಸಿದ ಕಿತ್ತಳೆ ತೊಳೆ ನನ್ನೆದುರೇ ಸಿಂಧುವಿನ ಬಾಯಿಗೆ ಹೋಯಿತು. ಕೊನೆಗೆ ಚಿತ್ರದ ತಂದೆ ಸತ್ತಾಗ ಹಾಲಿಗೆ ಹಾಲೇ ಅತ್ತಿತು. ನಾನೂ ಅತ್ತೆ, ಆದರೆ ಆ ತೊಳೆಗಾಗಿ.

ಬೇಸಿಗೆಗೆ ಸಿಂಧುವಿನ ತಂದೆಗೆ ವರ್ಗವಾಯಿತು. ನನ್ನ ಹೊಟ್ಟೆಕಿಚ್ಚು ಮಾತ್ರ ಊರು ಬಿಡಲಿಲ್ಲ. ಅಪ್ಪ ರೈಲ್ವೆ ಗೂಡ್ಸ್‌ನಲ್ಲಿ ಮೂಟೆ ಹೊರುತ್ತಿದ್ದರು, ಮನೆಯಲ್ಲಿ ಯಾರಿಗೂ ಓದು ಬರದು. ಸಂಘದ ಭಾನುವಾರದ ಪಾಠಕ್ಕೆ ಒಬ್ಬಳೇ ನಡೆದು ಹೋಗಿ ಕನ್ನಡ ಕಲಿತೆ. ಮುಂದೆ ನಮ್ಮ ಮನೆತನದ ಮೊದಲ ಡಿಗ್ರಿಯೂ ನನ್ನದೇ ಆಯಿತು. ಆ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಹಟ ಹಿಡಿದು ಕಲಿತದ್ದು ಅಜ್ಜಿಗೆ ಸಿನಿಮಾ ಹೇಳುವಷ್ಟು ಕನ್ನಡವನ್ನು.

ಕೆಲವು ವರ್ಷಗಳ ನಂತರ ಸಂಘದವರು ಮತ್ತೆ ಅದೇ ಚಿತ್ರ ಹಾಕಿದರು. ಆಗಲೂ ಊರಿನಿಂದ ಬಂದಿದ್ದ ಅಜ್ಜಿಗೆ ಅಂಟಿಕೊಂಡು ಕೂತೆ. ಜಗಳ ಮುಗಿದದ್ದೇ ತಡ, ಶುರು ಮಾಡಿದೆ: "ಮಗನಿಗೆ ಸಿಟ್ಟು ನೆತ್ತಿಗೇರೈತಿ ಅಜ್ಜಿ..."

"ಬಾಯಿ ಮುಚ್ಚವಾ, ನನಗ ಕಾಣತೈತಿ."

ಅಷ್ಟರಲ್ಲಿ ಅವಳ ಪೊರೆಯ ಆಪರೇಷನ್ ಆಗಿತ್ತಲ್ಲ!

ಅಜ್ಜಿ ಈಗಿಲ್ಲ. ಆ ಚಿತ್ರ ಈಗ ಯಾರ ಫೋನಿನಲ್ಲಿ ಬೇಕಾದರೂ ಸಿಗುತ್ತದೆ, ಕೆಳಗೆ ಅಕ್ಷರಗಳೂ ಬರುತ್ತವೆ, ಯಾರೂ ಯಾರಿಗೂ ಹೇಳಬೇಕಿಲ್ಲ. ಅಜ್ಜಿ ಅದನ್ನು ಒಮ್ಮೆ ತನ್ನ ಕಣ್ಣಿಂದ ನೋಡಿದಳು, ಒಮ್ಮೆ ಸಿಂಧುವಿನ ಬಾಯಿಂದ. ನನ್ನ ಬಾಯಿಂದ ನೋಡಲೇ ಇಲ್ಲ.