ಬಾಗಿಲ ಹಿಂದಿನ ಕೋಣೆ

ರಂಗಮಂದಿರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು 'ಅಳತೆ ಅಕ್ಕ' ಎಂದು. ಇಪ್ಪತ್ತಾರು ವರ್ಷದಿಂದ ನಾಟಕಗಳಿಗೆ ಸೆಟ್ ಕಟ್ಟಿಸುತ್ತಿದ್ದವಳು. ಕೊರಳಲ್ಲಿ ಸರ ಇಲ್ಲದಿದ್ದರೂ ಅಳತೆ ಟೇಪು ಇರಲೇಬೇಕು.

ತಾಯಿ ತೀರಿಕೊಂಡು ಎರಡು ವಾರಕ್ಕೆ ಅವಳು ಕೆಲಸಕ್ಕೆ ಬಂದಳು. ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ತಾಯಿ. "ಅಮ್ಮನಿಗೂ ಬಿಡುಗಡೆ ಆಯ್ತು, ನಿನಗೂ ಆಯ್ತು" ಎಂದು ತಂಗಿ ಫೋನಿನಲ್ಲಿ ಹೇಳಿದಾಗ ಅವಳು "ಹೂಂ" ಅಂದಿದ್ದಳು. ಬಂದವರೆಲ್ಲ ಅತ್ತು ಹೋದರು. ಅವಳು ಕುರ್ಚಿ ಸಾಲುತ್ತದೋ ಇಲ್ಲವೋ ಎಂದು ನೋಡುತ್ತ ನಿಂತಿದ್ದಳು.

ನಿರ್ದೇಶಕ ಅವಳ ಕೈಗಿಟ್ಟದ್ದು ಹತ್ತೊಂಬತ್ತನೇ ಶತಮಾನದ ಒಂದು ನಾಟಕ. ಮೂರೂ ಅಂಕ ಒಂದೇ ಹಜಾರದಲ್ಲಿ. ಅಲ್ಲಿ ಮೂವರು ಮಕ್ಕಳು ಮನೆಗಾಗಿ ಕಿತ್ತಾಡುತ್ತಿರುತ್ತಾರೆ. ಪಕ್ಕದ ಕೋಣೆಯಲ್ಲಿ ಅಪ್ಪ ಸಾಯುತ್ತಿರುತ್ತಾನೆ. ಅಪ್ಪ ರಂಗಕ್ಕೆ ಬರುವುದೇ ಇಲ್ಲ. ಬಾಗಿಲೊಂದು ಇದ್ದರೆ ಆಯಿತು, ಅದರ ಹಿಂದೆ ಕಪ್ಪು ಬಟ್ಟೆ ಬಿಟ್ಟರೆ ಮುಗಿಯಿತು.

ಅಕ್ಕನ ನಕ್ಷೆ ನೋಡಿ ಬಡಗಿ ತಲೆ ಕೆರೆದುಕೊಂಡ. ಬಾಗಿಲ ಹಿಂದೆ ಹತ್ತಡಿಗೆ ಎಂಟಡಿಯ ಕೋಣೆ ಇತ್ತು. ಮಂಚ, ಕಿಟಕಿ, ಔಷಧಿ ಇಡುವ ಗೂಡು, ಮಂಚದ ಪಕ್ಕಕ್ಕೆ ಒಂದು ಕುರ್ಚಿ.

"ಅಕ್ಕಾ, ಜನಕ್ಕೆ ಇದು ಕಾಣಲ್ವಲ್ಲ?"

"ಕಾಣಲ್ಲ."

"ಮದುಮಗಳೇ ಇಲ್ಲದ ಮದುವೆಗೆ ಚಪ್ಪರ ಹಾಕಿದ ಹಾಗಾಯ್ತು."

"ಹಾಕು" ಅಂದಳು. ನಗಲಿಲ್ಲ. ಸಿಟ್ಟೂ ಇರಲಿಲ್ಲ.

ಮಂಚದ ಎತ್ತರ ಎಷ್ಟು ಎಂದು ಬಡಗಿ ಕೇಳಿದ. ಅವಳು ಟೇಪು ಬಿಚ್ಚದೆ, ಬಗ್ಗಿ ಯಾರನ್ನೋ ಎತ್ತಿ ಕೂರಿಸುವವಳ ಹಾಗೆ ಎರಡೂ ಕೈ ಚಾಚಿ, "ಇಷ್ಟು. ಇದಕ್ಕಿಂತ ತಗ್ಗಾದರೆ ಸೊಂಟ ಹೋಗುತ್ತೆ" ಅಂದಳು. ಬಡಗಿ ಹೇಳಿದಷ್ಟು ಎತ್ತರಕ್ಕೆ ಮಂಚದ ಕಾಲು ಕೊಯ್ದ.

ಮೊದಲ ಪ್ರದರ್ಶನ ಮುಗಿದ ಮೇಲೆ ಮಗಳ ಪಾತ್ರದ ನಟಿಗೆ ನಿರ್ದೇಶಕ ರೇಗಿದ. ಅಪ್ಪನನ್ನು ನೋಡಲು ಒಳಗೆ ಹೋದವಳು ಹೊರಗೆ ಬರಲು ತಡ ಮಾಡಿದ್ದಳಂತೆ.

"ಒಳಗೆ ಹಾಸಿಗೆ ಇತ್ತು ಸರ್. ಹೊದಿಕೆ ಸರಿಮಾಡಿದೆ" ಅಂದಳು ನಟಿ.

"ಯಾರಿಗಮ್ಮಾ? ಅಲ್ಲಿ ಯಾರಿದ್ದಾರೆ?"

ನಟಿ ಅಕ್ಕನ ಕಡೆ ನೋಡಿದಳು. ಅಕ್ಕ ಗೋಡೆಯ ಬಣ್ಣ ಎಲ್ಲಿ ಕಿತ್ತುಬಂದಿದೆ ಎಂದು ನೋಡುತ್ತಿದ್ದಳು.

ನಾಲ್ಕನೆಯದು ಮಧ್ಯಾಹ್ನದ ಪ್ರದರ್ಶನ. ಎರಡನೇ ಅಂಕ ಶುರುವಾಗುವ ಮೊದಲು ಅಕ್ಕ ಆ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಹಲಗೆಯಾಚೆ ಅಣ್ಣ ತಮ್ಮಂದಿರ ಜಗಳ ಬೇರೆ ಯಾರದೋ ಮನೆಯ ರೇಡಿಯೋದ ಹಾಗೆ ಕೇಳುತ್ತಿತ್ತು. ಬಾಗಿಲು ತೆರೆದು ನಟಿ ಒಳಗೆ ಬಂದಳು. ಅಕ್ಕನನ್ನು ಕಂಡು ಒಂದು ಕ್ಷಣ ಬೆಚ್ಚಿದಳು. ಮಾತಾಡುವ ಹಾಗಿರಲಿಲ್ಲ. ಬಗ್ಗಿ ಹೊದಿಕೆ ಎಳೆದು ಸರಿಮಾಡಿ, ಹೋಗುವಾಗ ಅಕ್ಕನ ಭುಜದ ಮೇಲೆ ಒಮ್ಮೆ ಕೈಯಿಟ್ಟಳು. ಹೊರಗೆ ಹೋಗಿ ಹೇಳಿದಳು: "ಅಪ್ಪ ಮಲಗಿದ್ದಾರೆ. ಸ್ವಲ್ಪ ಮೆಲ್ಲಗೆ ಮಾತಾಡಿ."

ಇಡೀ ಸಭಾಂಗಣ ತೆಪ್ಪಗಾಯಿತು. ಮುನ್ನೂರು ಜನ ಉಸಿರು ಹಿಡಿದದ್ದು ಅಕ್ಕನಿಗೆ ಕೇಳಿಸಿತು. ಕಣ್ಣೀರು ಬರಬಹುದು ಅಂದುಕೊಂಡಳು, ಬರಲಿಲ್ಲ. ಭುಜದ ಮೇಲೆ ಕೈ ಇದ್ದ ಜಾಗ ಮಾತ್ರ ಸ್ವಲ್ಪ ಹೊತ್ತು ಬೆಚ್ಚಗಿತ್ತು.

ಉಳಿದ ಆರು ಪ್ರದರ್ಶನಗಳಲ್ಲೂ ಅವಳು ಅಲ್ಲೇ ಕೂತಳು. ನಿರ್ದೇಶಕನಿಗೆ ಗೊತ್ತಾಯಿತು, ಗೊತ್ತಿಲ್ಲದವನಂತೆ ಇದ್ದುಬಿಟ್ಟ. ಸೆಟ್ ಬಿಚ್ಚುವ ದಿನ ಬಡಗಿ ಹಲಗೆಗಳನ್ನೆಲ್ಲ ಗೋದಾಮಿಗೆ ಸಾಗಿಸಿ, ಕೊನೆಗೆ ಮಂಚದ ಹತ್ತಿರ ನಿಂತು, "ಇದನ್ನೇನು ಮಾಡಲಿ?" ಅಂದ.

ಅವಳು ಮಂಚದ ತಲೆಯ ಕಡೆಗೆ ಹೋಗಿ ಬಗ್ಗಿದಳು.

"ನನ್ನ ಜೊತೆ ಒಂದು ಕಡೆ ಹಿಡಿ" ಅಂದಳು. "ತುಂಬಾ ಭಾರ ಇದೆ."