ಅಕ್ಕೋರು ಮತ್ತು ಫೋನಿನೊಳಗಿನ ಹುಡುಗಿ

ಅಕ್ಕೋರ ಎಡಗಾಲಿನ ಚಪ್ಪಲಿಯೇ ಬೇಗ ಸವೆಯುತ್ತಿತ್ತು, ಅದೂ ಹಿಮ್ಮಡಿಯ ಹೊರಗಡೆ ಮಾತ್ರ. ಮಾಳಿಗೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಓಡಾಡಿ, ಪ್ರತಿ ಸಲ ಅದೇ ಮಗ್ಗುಲಿಗೆ ಗರಕ್ಕನೆ ತಿರುಗುತ್ತಿದ್ದರು. ಬೆಳಗ್ಗೆ ನೀರು ತುಂಬುವಾಗ, ಸಂಜೆ ಕರೆಂಟು ಹೋದಾಗ, ಯಾವಾಗ ನೋಡಿದರೂ ನನ್ನ ಕೋಣೆಯ ಮುಂದೆ ಆ ಚಪ್ಪಲಿಯ ಸಪ್ಪಳ. ಬಾಡಿಗೆಗೆ ಬಂದ ಹೊಸತರಲ್ಲಿ ನನಗೆ ತಲೆ ಕೆಟ್ಟುಹೋಗಿತ್ತು. ಈಕೆಗೆ ಒಂದು ಕಡೆ ಕೂತುಕೊಳ್ಳುವುದನ್ನು ಯಾರೂ ಕಲಿಸಿಯೇ ಇಲ್ಲವೇನೋ ಅನ್ನಿಸುತ್ತಿತ್ತು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ದೇವದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ರಾಯಚೂರಿನಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಮದುವೆ ಆಗಿರಲಿಲ್ಲ. ಮಾಳಿಗೆಯ ಮೇಲಿನ ಕೋಣೆ ನನಗೆ ಕೊಟ್ಟಿದ್ದರು. ನಾನಾದರೋ ಮಾನ್ವಿಯಲ್ಲಿದ್ದ ಗಂಡನ ಮನೆ ಬಿಟ್ಟು ಬಂದವಳು. ಎಲ್ಲಿದ್ದೇನೆಂದು ಹಿರೇಕೊಟ್ನೆಕಲ್ಲಿನಲ್ಲಿದ್ದ ಅವ್ವನಿಗೂ ಹೇಳಿರಲಿಲ್ಲ. ಅಕ್ಕೋರು ಮೊದಲ ದಿನವೇ ಶುರು ಮಾಡಿದರು.

"ಯಾವೂರವಾ? ಯಾರ ಪೈಕಿ? ನಿಮ್ಮಪ್ಪನ ಹೆಸರೇನು? ಗಂಡ ಏನ್ ಮಾಡ್ತಾನ?"

ನಮ್ಮ ಸೀಮೆಯಲ್ಲಿ ಇದು ಕೆದಕುವುದಲ್ಲ, ಆದರಿಸುವುದು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಊರು, ಮನೆತನ ಕೇಳದೆ ಇಳಿದುಹೋದರೆ ಸೊಕ್ಕು ಅನ್ನುತ್ತಾರೆ. ಕೇಳುತ್ತ ಹೋಗಿ ಎಲ್ಲೋ ಒಂದು ಕಡೆ ಬೀಗರ ಬೀಗರು ಸಿಕ್ಕಿಬಿಟ್ಟರೆ ಸಮಾಧಾನ. ನಾನು ಗಂಡ ಪುಣೆಯಲ್ಲಿ ಕೆಲಸಕ್ಕಿದ್ದಾನೆ ಅಂತ ಒಂದು ಸುಳ್ಳು ಒಗೆದು ಬಾಗಿಲು ಹಾಕಿಕೊಂಡೆ.

ಅವರ ಫೋನಿಗೆ ತಮ್ಮನ ಮಗಳು ಗೊತ್ತಿಲ್ಲದವರ ಜೊತೆ ಮಾತಾಡುವ ಒಂದು ಆ್ಯಪ್ ಹಾಕಿಕೊಟ್ಟಳು. ಒಂದು ಗುಂಡಿ ಒತ್ತಿದರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರದೋ ಫೋನು ಹೊಡೆದುಕೊಳ್ಳುತ್ತದೆ. ಅವರು ಎತ್ತಿದರೆ ಮಾತು. ಮುಖ ಇಲ್ಲ, ಹೆಸರಿಲ್ಲ, ನಂಬರಿಲ್ಲ. ಇಟ್ಟರೆ ಮುಗಿಯಿತು, ಬೇಕೆಂದರೂ ಅದೇ ಮನುಷ್ಯ ಮತ್ತೆ ಸಿಗುವುದಿಲ್ಲ. ಅಕ್ಕೋರಿಗೆ ಇದರ ಹುಚ್ಚು ಹಿಡಿಯಿತು. ಫೋನನ್ನು ರೊಟ್ಟಿಯ ಚೂರಿನ ಹಾಗೆ ಬಾಯಿಯ ಹತ್ತಿರ ಹಿಡಿದು, ಸ್ಪೀಕರ್ ಹಚ್ಚಿ, ತಿರುಗಾಡುತ್ತಲೇ ಒಂದೊಂದು ಇಂಗ್ಲಿಷ್ ಶಬ್ದವನ್ನೂ ಬಿಡಿಸಿ ಬಿಡಿಸಿ ಆಡುತ್ತಿದ್ದರು. ಮೊದಲು ಊಟ ಆಯಿತೇ ಎಂದು. ಆಮೇಲೆ ಯಾವ ಊರು, ತಂದೆ ಏನು ಮಾಡುತ್ತಾರೆ, ಅಣ್ಣತಮ್ಮಂದಿರು ಎಷ್ಟು ಜನ. ಎಷ್ಟೋ ಮಂದಿ ಅಲ್ಲಿಗೇ ಇಟ್ಟುಬಿಡುತ್ತಿದ್ದರು.

"ಅಕ್ಕೋರೆ, ಅದರಾಗ ಹೆಸರು, ಊರು ಕೇಳಬಾರದಂತ್ರೀ," ಎಂದೆ ಒಮ್ಮೆ.

"ಕೇಳಲಾರದ ಆಡಿದ್ರ ಅದೆಂಥಾ ಮಾತಬೇ? ಗ್ವಾಡಿ ಕೂಡ ಮಾತಾಡಿದಂಗ."

ಹಾಗೂ ಕೆಲವರು ನಿಲ್ಲುತ್ತಿದ್ದರು. ಯಾವುದೋ ಹಡಗಿನಲ್ಲಿ ಅಡುಗೆ ಮಾಡುವವನೊಬ್ಬನಿಗೆ ಮಂಡಾಳು ಒಗ್ಗರಣೆ ಕಲಿಸುವುದರಲ್ಲಿ ಒಂದು ಇಡೀ ಸಂಜೆ ಕಳೆದರು. ಅವನ ಹತ್ತಿರ ಮಂಡಕ್ಕಿಯೇ ಇರಲಿಲ್ಲ.

ಒಂದು ಬೇಸಿಗೆಯ ಸಂಜೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಮಾಳಿಗೆ ಇನ್ನೂ ಕಾಲು ಸುಡುತ್ತಿತ್ತು. ಅಕ್ಕೋರ ಫೋನಿನಲ್ಲಿ ಒಂದು ಹುಡುಗಿಯ ದನಿ, ಹಿಂದೆ ಗಾಡಿಗಳ ಗದ್ದಲ. ಗಂಡ ಹೊಡೆಯುತ್ತಾನೆ, ಮನೆ ಬಿಟ್ಟು ಬಂದಿದ್ದೇನೆ, ತಾಯಿಯ ಊರಿನ ಬಸ್ಸು ಎದುರಿಗೇ ನಿಂತಿದೆ, ಹತ್ತಲೋ ತಿರುಗಿ ಹೋಗಲೋ ತಿಳಿಯುತ್ತಿಲ್ಲ ಎಂದಳು. ಗೊತ್ತಿರುವವರಿಗೆ ಹೇಳಲಾರೆ, ಅದಕ್ಕೇ ಗೊತ್ತಿಲ್ಲದವರನ್ನು ಕೇಳುತ್ತಿದ್ದೇನೆ ಎಂದಳು. ಅವಳ ಇಂಗ್ಲಿಷೂ ನಮ್ಮ ಹಾಗೆ ಕಲಿತದ್ದೇ ಇರಬೇಕು, ಪ್ರತಿ ಮಾತೂ ನನಗೆ ತಿಳಿಯಿತು.

ಅಕ್ಕೋರು ನಿಂತರು. ಮಾತಾಡುವಾಗ ಅವರು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸ್ಸು ಹತ್ತು ಎಂದೇ ಹೇಳುವವಳಿದ್ದೆ ಅಂತ ಆಮೇಲೆ ನನ್ನ ಮುಂದೆ ಆಣೆ ಮಾಡಿದರು. ಆದರೆ ಬಾಯಿಗೆ ಮೊದಲು ಬಂದದ್ದು ರೂಢಿಯ ಮಾತು. ನಿನ್ನ ತಾಯಿಯ ಊರು ಯಾವುದು? ತಂದೆಯ ಹೆಸರೇನು? ಗಂಡ ಯಾರ ಮಗ?

ನೀವು ಅವನಿಗೆ ಗೊತ್ತಿರುವವರಾ ಎಂದು ಕೇಳಿ ಹುಡುಗಿ ಫೋನ್ ಇಟ್ಟಳು.

ಅಕ್ಕೋರು ಮತ್ತೆ ಗುಂಡಿ ಒತ್ತಿದರು. ಯಾರೋ ಗಂಡಸು. ಮತ್ತೆ ಒತ್ತಿದರು. ಯಾರೋ ನಗುತ್ತಿದ್ದರು. ಕೆಳಗಿನಿಂದ ಊಟಕ್ಕೆ ಕರೆದರು, ಹೋಗಲಿಲ್ಲ. ಮರುದಿನವೂ ಅದೇ, ಅದರ ಮರುದಿನವೂ ಅದೇ. ತಮ್ಮ ಬೈದ, ತಮ್ಮನ ಹೆಂಡತಿ ಮಾತು ಬಿಟ್ಟಳು. ಚಾರ್ಜಿಗೆ ಹಾಕಿದ ಫೋನಿನ ಪಕ್ಕದಲ್ಲೇ ನಿಂತು ಒತ್ತುತ್ತಿದ್ದರು.

"ಹೆದರಿಸಿಬಿಟ್ಟೆ ಆಕೀನ. ಹತ್ತಿದಳೋ ಇಲ್ಲೋ. ಅವರವ್ವ ಎಲ್ಲಿ ಬಾಗಿಲದಾಗ ಕುಂತಾಳೋ ಏನೋ," ಎಂದು ತಮ್ಮಷ್ಟಕ್ಕೇ ಅನ್ನುತ್ತಿದ್ದರು. ಆ ಬಾಗಿಲು ನನಗೆ ಹಿರೇಕೊಟ್ನೆಕಲ್ಲಿನ ನಮ್ಮ ಬಾಗಿಲಿನ ಹಾಗೇ ಕಾಣುತ್ತಿತ್ತು. ಆ ಮಾತು ಕೇಳಲಾಗದೆ ಕಿಟಕಿ ಮುಚ್ಚಿಕೊಂಡು ನಾನೂ ಒಳಗೊಳಗೇ ತಿರುಗಾಡುತ್ತಿದ್ದೆ.

ಒಂದು ಮಧ್ಯಾಹ್ನ ಅಕ್ಕೋರು ರೊಟ್ಟಿ, ಪುಂಡಿಪಲ್ಯೆ ತಂದು ನನ್ನ ಮುಂದಿಟ್ಟರು.

"ನಿನ್ನ ಗಂಡ ಪುಣೇದಾಗ ಇಲ್ಲಂತ ನನಗ ಗೊತ್ತದವಾ. ಏನೂ ಕೇಳಂಗಿಲ್ಲ ನಾ. ಉಣ್ಣು."

ಉಂಡೆ. ಅವರು ನಿಜಕ್ಕೂ ಕೇಳಲಿಲ್ಲ. ಕೈ ತೊಳೆದು ಬಂದವಳೇ ಎಲ್ಲ ಹೇಳಿಬಿಟ್ಟೆ. ಮಾನ್ವಿಯ ಮನೆ, ಬೆನ್ನ ಮೇಲಿನ ಬಾಸುಂಡೆ, ಅವ್ವನಿಗೆ ಮುಖ ತೋರಿಸಲು ನಾಚಿಕೆ. ನಡುನಡುವೆ ಅವರಿಗೆ ಪ್ರಶ್ನೆ ಒತ್ತಿಕೊಂಡು ಬರುತ್ತಿತ್ತು. ಬಂದಾಗೆಲ್ಲ ಸೆರಗು ಬಾಯಿಗೆ ಹಿಡಿದುಕೊಳ್ಳುತ್ತಿದ್ದರು. ಅಷ್ಟು ಅಳುವಿನಲ್ಲೂ ನನಗೆ ನಗು ಬಂತು.

"ಮುಂಜಾನಿ ಬಸ್ಸಿಗಿ ನಾನೂ ಬರ್ತೀನಿ," ಎಂದರು ಕೊನೆಗೆ.

ಮರುದಿನ ನಮ್ಮೂರಿನಲ್ಲಿ ಇಳಿದು ಮನೆ ಮುಟ್ಟುವಷ್ಟರಲ್ಲಿ ಓಣಿಯ ಹೆಂಗಸರು ಅಂಗಳ ತುಂಬಿದ್ದರು. ಗಂಡ ಎಲ್ಲಿ, ಯಾಕೆ ಬಂದಿ, ಈಕೆ ಯಾರು. ಅವ್ವ ಬಾಗಿಲಲ್ಲೇ ನಿಂತಿದ್ದಳು, ಅವಳಿಗೂ ಬಾಯಿತುಂಬ ಅವೇ ಪ್ರಶ್ನೆ. ಅಕ್ಕೋರು ತರಗತಿಯಲ್ಲಿ ಎತ್ತುವ ಹಾಗೆ ಕೈ ಎತ್ತಿದರು.

"ಹುಡುಗಿ ಮನಿ ಮುಟ್ಯಾಳ. ಮೊದಲು ನೀರು ಕೊಡ್ರಿ. ಇವತ್ತ ಯಾರೂ ಏನೂ ಕೇಳಬ್ಯಾಡ್ರಿ."

ಅವ್ವ ಒಳಗೆ ಹೋಗಿ ತಂಬಿಗೆ ತಂದಳು. ಕೇಳಲಿಲ್ಲ, ಹೇಳುವಷ್ಟು ಧೈರ್ಯ ಬಂದ ದಿನ ನಾನೇ ಹೇಳಿದೆ. ಮಾನ್ವಿಗೆ ನಾನು ತಿರುಗಿ ಹೋಗಲಿಲ್ಲ. ಈಗ ರಾಯಚೂರಿನಲ್ಲೇ ನೌಕರಿ, ರಜೆ ಸಿಕ್ಕರೆ ಅವ್ವನ ಮನೆ.

ಅಕ್ಕೋರು ಮಾತ್ರ ಗುಂಡಿ ಒತ್ತುವುದನ್ನು ಬಿಡಲಿಲ್ಲ. ಯಾರು ಎತ್ತಿದರೂ ಮೊದಲ ಮಾತು ಇದೇ: ನಿಮ್ಮ ಹೆಸರು, ಊರು ನಾನು ಕೇಳುವುದಿಲ್ಲ. ಕೆಲವರು ಅದಕ್ಕೂ ಹೆದರಿ ಇಡುತ್ತಿದ್ದರು.

ಹೋದ ವರ್ಷ ಎದೆನೋವೆಂದು ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಚಾದರದೊಳಗೆ ಕಾಲು ಒಂದೇ ಸಮನೆ ಆಡುತ್ತಿತ್ತು. ಫೋನನ್ನು ತಮ್ಮ ಕಸಿದಿಟ್ಟುಕೊಂಡಿದ್ದ.

"ಆ ಹುಡುಗಿ ಬಸ್ ಹತ್ತಿರಬೇಕಲ್ಲಾ?" ಎಂದರು.

"ಹತ್ತಿರ್ತಾಳ್ರೀ ಅಕ್ಕೋರೆ."

"ನಿನಗ ಹೆಂಗ ಗೊತ್ತು?"

"ನಾ ಹತ್ತಿದ್ನೆಲ್ರೀ."



"ನೀ ಬ್ಯಾರೆ, ಆಕಿ ಬ್ಯಾರೆ," ಎಂದು ಗೋಡೆಯ ಕಡೆ ಹೊರಳಿದರು. ಆ ವಾರವೇ ತೀರಿಕೊಂಡರು.

ಆ ಮಾತಿಗೆ ಆಗ ನನಗೆ ಸಿಟ್ಟು ಬಂದಿತ್ತು. ಅವರು ಉಳಿಸಿದ ನಾನು ಕಣ್ಣೆದುರೇ ಇರುವಾಗ, ಕಾಣದವಳ ಚಿಂತೆ ಯಾಕೆ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಆಕೆ ಅವತ್ತು ಹೆದರಿ ಫೋನ್ ಇಡದಿದ್ದರೆ ಅಕ್ಕೋರು ನನ್ನನ್ನು ಕೇಳುತ್ತಲೇ ಇರುತ್ತಿದ್ದರು, ನಾನು ಸುಳ್ಳು ಹೇಳುತ್ತಲೇ ಇರುತ್ತಿದ್ದೆ. ಅಕ್ಕೋರ ಋಣ ನೆನೆದಾಗಲೆಲ್ಲ ಆ ಹುಡುಗಿಯ ಋಣವೂ ಜೊತೆಗೇ ಬರುತ್ತದೆ, ಕೂತಲ್ಲಿ ಕೂಡಗೊಡುವುದಿಲ್ಲ. ಆ ಆ್ಯಪ್ ಈಗ ನನ್ನ ಫೋನಿನಲ್ಲೂ ಇದೆ. ಒತ್ತುತ್ತೇನೆ. ಯಾರೋ ಎತ್ತುತ್ತಾರೆ. ಅವಳಲ್ಲ.