ಎಕ್ಸ್-ರೇ ಕೋಣೆಯ ಪ್ರಾರ್ಥನೆಗಳು

ಎಕ್ಸ್-ರೇ ತೆಗೆಯುವವನು ಮಂಗಳವಾರ ಸಂಜೆ ತೀರಿಕೊಂಡ. ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ, ಮೇಲಿನ ಮಹಡಿಯ ವಾರ್ಡಿನಲ್ಲಿ. ಹೆಂಡತಿಯೂ ಹಳೆಯ ಗೆಳೆಯ ಲೆಕ್ಚರರೂ ಪಕ್ಕದಲ್ಲಿದ್ದರು. ಲೆಕ್ಚರರಿಗೆ ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

ಸತ್ತವನ ಎಕ್ಸ್-ರೇ ಕೋಣೆಗೆ ಕಿಟಕಿ ಇರಲಿಲ್ಲ. ರೋಗಿಯ ಎದೆಯನ್ನು ತಣ್ಣನೆಯ ಹಲಗೆಗೆ ಒತ್ತಿ ನಿಲ್ಲಿಸಿ, ತಾನು ಗಾಜಿನ ಹಿಂದೆ ಹೋಗಿ, "ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ" ಅನ್ನುತ್ತಿದ್ದ. ಜನ ಆಗಲೇ ಪ್ರಾರ್ಥನೆ ಶುರು ಮಾಡುತ್ತಿದ್ದರು. ಗುನುಗಿದರೆ ಎದೆ ಅಲುಗುತ್ತದೆ, ಚಿತ್ರ ಮಸುಕಾಗುತ್ತದೆ. "ಅಮ್ಮಾ, ದೇವರೇನೂ ಓಡಿಹೋಗಲ್ಲ, ಮೊದಲು ಇದು ಮುಗೀಲಿ," ಎಂದು ಇನ್ನೊಮ್ಮೆ ತೆಗೆಯುತ್ತಿದ್ದ.

ಇದೇ ವಿಷಯಕ್ಕೆ ಗೆಳೆಯರಿಬ್ಬರಿಗೂ ವರ್ಷಗಟ್ಟಲೆ ಜಟಾಪಟಿ.

"ನನ್ನ ಕ್ಲಾಸಲ್ಲಿ ನಂಬೋರೇ ಇಲ್ಲ ಕಣೋ," ಅನ್ನುತ್ತಿದ್ದ ಲೆಕ್ಚರರ್. "ಇನ್ನೆರಡು ತಲೆಮಾರು, ದೇವರ ಅಂಗಡಿ ಬಂದ್."

"ಬೋರ್ಡು ಬಿದ್ದಿರಬಹುದು, ಗಿರಾಕಿ ಬರೋದು ನಿಂತಿಲ್ಲ. ನಿನ್ನ ಹುಡುಗರಿಗೆ ಒಂದು ಪ್ರಾರ್ಥನೇನೂ ಬರಲ್ಲ, ನಿಜ. ಆದ್ರೂ ನನ್ನ ಕೋಣೇಲಿ ನಿಂತು 'ಪ್ಲೀಸ್, ಪ್ಲೀಸ್' ಅಂತಾರೆ. ನನಗಲ್ಲ, ನಾನು ಹಿಂದೆ ಇರ್ತೀನಿ. ಎದುರಿಗೆ ಇರೋದು ಬರೀ ಹಲಗೆ."

"ಮತ್ತೆ ನೀನು?"

"ನನಗೆ ಆ ಕಡೆ ಯಾರೂ ಕಾಣಲ್ಲ. ಕಾಣದೋರನ್ನ ಏನಂತ ಕರೀಲಿ?"

ಕೊನೆಗೆ ಎಕ್ಸ್-ರೇ ತೆಗೆಯುವವನ ಶ್ವಾಸಕೋಶವೇ ಕೆಟ್ಟಿತು. ವಾರ್ಡು ಸೇರಿದ ಮೇಲೆ ಹೆಂಡತಿ ಲೆಕ್ಚರರನ್ನು ವರಾಂಡಕ್ಕೆ ಕರೆದಳು.

"ಅಣ್ಣಾ, ನೀವಾದ್ರೂ ಹೇಳಿ. ಬದುಕಿಸಪ್ಪಾ ಅಂತ ಒಂದೇ ಒಂದು ಸಲ ಬಾಯಿಬಿಟ್ಟು ಕೇಳಲಿ. ನಾನೊಬ್ಬಳೇ ಕೇಳಿದ್ದು ಸಾಲಲಿಲ್ಲ ಅಂತ ಆಗಬಾರದು."

ಜನ್ಮದಲ್ಲಿ ಕೈಮುಗಿಯದ ಲೆಕ್ಚರರ್ ಒಳಗೆ ಬಂದು ಮಂಚದ ತುದಿಯಲ್ಲಿ ಕೂತ. "ಅವಳ ಸಮಾಧಾನಕ್ಕೆ ಒಂದು ಮಾತು ಅಂದುಬಿಡೋ. ನಿನ್ನ ಗಂಟೇನು ಹೋಗುತ್ತೆ?"

"ನೀನಾ ಹೇಳ್ತಿರೋದು?" ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ಅವಳ ಹತ್ರ ಇಷ್ಟು ವರ್ಷ ಸುಳ್ಳು ಹೇಳಿಲ್ಲ. ಈಗ ಶುರು ಹಚ್ಕೊಳ್ಳಲಾ?"

ಬಾಗಿಲಲ್ಲಿ ನಿಂತಿದ್ದ ಆಕೆಗೆ ಅದು ಕೇಳಿಸಿತು. ಫ್ಲಾಸ್ಕು ತೊಳೆಯಲು ಹೋದಳು.

ಮಂಗಳವಾರ ಡಾಕ್ಟರು ಬಂದು ನೋಡಿ, ಇನ್ನು ಸೂಜಿ ಚುಚ್ಚುವುದು ಬೇಡ ಎಂದು ನರ್ಸಿಗೆ ಹೇಳಿ ಹೋದರು. ಅದರ ಅರ್ಥ ಮೂವರಿಗೂ ಆಯಿತು. ಆಕೆ ಸ್ಟೂಲು ಎಳೆದುಕೊಂಡು ಸಂಜೆಯ ಪ್ರಾರ್ಥನೆಗೆ ಕೂತಳು. ಮನೆಯಲ್ಲಿ ದಿನಾ ಗಟ್ಟಿಯಾಗಿ ಹೇಳುತ್ತಿದ್ದದ್ದೇ. ಅಷ್ಟು ಹೊತ್ತು ಗಂಡ ನಡುಮನೆಯಲ್ಲಿ ಪೇಪರು ಓದುತ್ತಿದ್ದ.

ಅರ್ಧಕ್ಕೆ ಬಂದಾಗ ಆಕೆಯ ಮಾತು ನಿಂತಿತು. ಹಿಂದಿನ ಸಾಲನ್ನೇ ಮತ್ತೆ ಹೇಳಿದಳು. ಮತ್ತೊಮ್ಮೆ ಹೇಳಿದಳು. ಮುಂದಿನದು ಬರಲೇ ಇಲ್ಲ. ಬಾಲ್ಯದಿಂದ ತಪ್ಪದೆ ಹೇಳಿಕೊಂಡು ಬಂದವಳು, ಕೇಳಲೇಬೇಕಾದ ಹೊತ್ತಿಗೆ ಬಾಯಿ ಕಟ್ಟಿ ಕೂತಿದ್ದಳು. ಲೆಕ್ಚರರ ಮುಖ ನೋಡಿದಳು. ಅವನಿಗೆ ಒಂದು ಅಕ್ಷರವೂ ಗೊತ್ತಿರಲಿಲ್ಲ. ಅವನು ನೆಲ ನೋಡಿದ.

ಮಂಚದ ಮೇಲಿದ್ದವನು ಕಣ್ಣು ತೆರೆಯದೆ ಆಕ್ಸಿಜನ್ ಮಾಸ್ಕನ್ನು ಗಲ್ಲಕ್ಕೆ ಸರಿಸಿ, ಒಂದು ಶಬ್ದವೂ ತಪ್ಪದ ಹಾಗೆ, ಮುಂದಿನ ಸಾಲು ಹೇಳಿಕೊಟ್ಟ.